ಸದ್ದಿನ ಮರೆ

ನಡುವೆ ತೂತಿರುವ ನೀಲಿ ರಬ್ಬರಿನ ದಿಂಬು. ಆ ತೂತು ಕಾಣದಂತೆ ನಾನೇ ಹೂವಿನ ಬಟ್ಟೆಯ ಗವಸು ಹೊಲಿದು, ಕೇಳಿದವರಿಗೆಲ್ಲ ‘ಬೆನ್ನುನೋವಿಗೆ’ ಎನ್ನುತ್ತಿದ್ದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ: ಜಮಖಂಡಿಯ ಆಸ್ಪತ್ರೆಯಲ್ಲಿ ನನಗಾದದ್ದು ಮೂಲವ್ಯಾಧಿಯ ಆಪರೇಷನ್. ಅದನ್ನು ಬನಹಟ್ಟಿಯ ನಮ್ಮ ಓಣಿಯಿಂದ ಮುಚ್ಚಿಡುವುದೇ ಆಗ ನನ್ನ ಏಕೈಕ ಮಹತ್ವಾಕಾಂಕ್ಷೆ.

ಹೀಗಿರುವಾಗ ವಿಮೆ ಕಂಪನಿಯಿಂದ ಫೋನು ಬಂತು; ಬಿಲ್ಲು ಮಂಜೂರಾಗುವ ಮೊದಲು ಕೆಲವು ಪ್ರಶ್ನೆಗಳಂತೆ. ಗುಟ್ಟಿನ ಮಾತಿಗೆ ಬೇರೆ ಊರಿನವರು ಮೌನದ ಮೂಲೆ ಹುಡುಕುತ್ತಾರೇನೋ. ನಾವು ಪವರ್‌ಲೂಮ್ ಹುಡುಕುತ್ತೇವೆ. ಅದರ ಖಟಖಟದ ಪಕ್ಕ ನಿಂತು ಏನು ಆಡಿದರೂ ಮೂರನೆಯ ಕಿವಿಗೆ ಬೀಳದು. ಎಷ್ಟೋ ಮದುವೆಗಳು, ಮುನಿಸುಗಳು ಅಲ್ಲೇ ಇತ್ಯರ್ಥವಾಗಿವೆ. ನಾನೂ ಕಾಕಾನ ಮಗ್ಗದ ಶೆಡ್ಡಿಗೆ ಓಡಿ, ಒಂದು ಕಿವಿ ಮುಚ್ಚಿಕೊಂಡು ಉತ್ತರಿಸತೊಡಗಿದೆ.

“ಕೇಳಿಸ್ತಿಲ್ಲ ಮೇಡಂ, ಕಾಯಿಲೆ ಹೆಸರು ಇನ್ನೊಮ್ಮೆ ಹೇಳಿ,” ಎಂದಿತು ಆ ಹೆಣ್ಣುದನಿ.

ಎದೆ ತುಂಬ ಉಸಿರು ತೆಗೆದುಕೊಂಡು ಕಿರುಚಿದೆ. ಅದೇ ಕ್ಷಣಕ್ಕೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದ ಆ ಅಗಾಧ ಶಾಂತಿಯಲ್ಲಿ ನನ್ನ ‘ಮೂಲವ್ಯಾಧಿ’ ಮನೆಮನೆಯ ಹೊಸ್ತಿಲು ದಾಟಿತು.

ಪಕ್ಕದ ಮನೆಯ ಕಸ್ತೂರವ್ವ ಕಿಟಕಿಯಿಂದಲೇ ಕೂಗಿದಳು: “ಅಯ್ಯ ನಮ್ಮವ್ವ, ಬೆನ್ನುನೋವಂತ, ಬೆನ್ನುನೋವು! ಅದಕ್ಯಾಕ ಇಷ್ಟು ನಾಚಿಕಿ? ನಿಮ್ಮ ಕಾಕಾಗೂ ಐತಿ, ಕೇಳ.”

“ಏ ಕಸ್ತೂರಿ, ನಡುವ ನಂದ್ಯಾಕ ತಗದಿ ಬೇ?” ಎಂದು ಮಗ್ಗದ ಹಿಂದಿನಿಂದ ಕಾಕಾ ಗೋಳಿಟ್ಟ.

ಹೊಲಿಗೆ ಜಗ್ಗಿ ಕಣ್ಣೀರು ಬರುವಷ್ಟು ನಕ್ಕೆ. ನಕ್ಕು ಮುಗಿದರೂ ಆ ದನಿ ಫೋನಿನಲ್ಲೇ ಕಾದಿತ್ತು: “ರಕ್ತ ಹೋಗ್ತಿತ್ತಾ? ಮದುವೆ ಆಗಿದೆಯಾ?” ಮದುವೆಗೂ ಇದಕ್ಕೂ ಏನು ಸಂಬಂಧ, ನಿಮ್ಮ ಹೆಸರೇನು ಎಂದೆ. ಹೆಸರು ಹೇಳುವಂತಿಲ್ಲವಂತೆ. ಫೋನು ಇಟ್ಟುಬಿಟ್ಟೆ.

ವಿಚಿತ್ರ ನೋಡಿ. ಕಸ್ತೂರವ್ವನಿಗೆ ನನ್ನ ಕಾಯಿಲೆ ಗೊತ್ತಾಯಿತು. ಅವಳ ಮಂಡಿನೋವು, ಸೊಸೆಯೊಡನೆ ಮಾತು ಬಿಟ್ಟದ್ದು ನನಗೆ ಗೊತ್ತು. ಲೆಕ್ಕ ಸಮ. ಆದರೆ ನಾನೇ ಕಂಡಿರದ ನನ್ನ ಹೊಲಿಗೆಗಳನ್ನು ಆಸ್ಪತ್ರೆಯ ಕಾಗದದಲ್ಲಿ ಓದಿಕೊಂಡವಳ ಮುಖವಿರಲಿ, ಹೆಸರೂ ನನಗೆ ತಿಳಿಯದು. ಅವಳ ಮೇಜಿನಿಂದ ಆ ಕಾಗದ ಇನ್ನಾವ ಮೇಜಿಗೆ ಹೋಗುತ್ತದೋ! ಓಣಿಯಿಂದ ಅಡಗಿಸುವ ಗಡಿಬಿಡಿಯಲ್ಲಿ ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಗೆ ಬಂದು, ಕಾಕಾ, ಕಸ್ತೂರವ್ವ ಚಹಾ ಹೀರುತ್ತ ಹರಟುತ್ತಿದ್ದಂತೆಯೇ ಕಂಪನಿಗೆ ಫೋನು ಹಚ್ಚಿದೆ. ನನ್ನ ಕಾಗದಗಳನ್ನು ಯಾರ್ಯಾರು ನೋಡಿದ್ದಾರೆ, ಬರೆದು ಕೊಡಿ ಎಂದೆ.

“ಮೇಡಂ, ಅಲ್ಲಿ ಬೇರೆ ಜನ ಇದ್ದ ಹಾಗಿದೆ. ಸ್ವಲ್ಪ ಖಾಸಗಿಯಾಗಿ ಮಾತಾಡಬಹುದಾ?”

“ಇವರೆಲ್ಲಾ ನನಗ ಗೊತ್ತಿದ್ದವರರೀ,” ಎಂದೆ. “ನೀವು ಯಾರು, ಮೊದಲ ಅದನ್ನ ಹೇಳ್ರಿ.”