ಮಸ್ಕತ್ತಿನಲ್ಲಿ ಅರ್ಧ ಡಬ್ಬಿ ಉಪ್ಪಿಟ್ಟು

ಮಸ್ಕತ್ತಿನ ಹೋಟೆಲೊಂದರಲ್ಲಿ ಎಲೆಕ್ಟ್ರಿಷಿಯನ್ ಕೆಲಸಕ್ಕೆ ಇಂಟರ್ವ್ಯೂ ಮುಗಿಸಿ ನಾವಿಬ್ಬರು ಹೊರಗೆ ಕಾದಿದ್ದೆವು. ಅವರಿಗೆ ಬೇಕಾಗಿದ್ದದ್ದು ಒಬ್ಬನೇ. ಪಕ್ಕದವನು ಫೋನಿನಲ್ಲಿ, "ಊಟ ಆಯ್ತು ಕಣವ್ವ," ಅಂದ. ಕಣ್ಣು ಮಾತ್ರ ನನ್ನ ಕೈಲಿದ್ದ ತಿಂಡಿ ಡಬ್ಬಿಯ ಮೇಲಿತ್ತು.

"ನಂದು ನಂಜನಗೂಡು ಕಡೆ ದೇವನೂರು. ನಿಮ್ದು?" ಅಂದೆ.

ಅವನ ಮುಖ ಅರಳಿತು. "ಟಿ. ನರಸೀಪುರದತ್ರ ಮುಡುಕುತೊರೆ ಕಣಣ್ಣ!"

ಬೆಳಿಗ್ಗೆ ರೂಮಿನಲ್ಲಿ ಮಾಡಿದ್ದ ಉಪ್ಪಿಟ್ಟನ್ನು ಮುಚ್ಚಳಕ್ಕೆ ಅರ್ಧ ಹಾಕಿಕೊಟ್ಟೆ. ಕರಿಬೇವನ್ನೂ ಬಿಡದೆ ಅಗಿದು ತಿಂದ.

ಅಷ್ಟರಲ್ಲಿ ಆಫೀಸಿನವರು ಬಂದು ಅವನನ್ನು ಒಳಗೆ ಕರೆದರು. ನನಗೆ, "ನೀವು ಹೊರಡಬಹುದು," ಅಂದರು. ನನ್ನ ವೀಸಾ ಆ ತಿಂಗಳಿಗೇ ಮುಗಿಯುವುದರಲ್ಲಿತ್ತು.

ಅವನು ಏಳಲೇ ಇಲ್ಲ. "ಅಣ್ಣಾ, ನಿಮ್ಗೆ..." ಅಂತ ತಡವರಿಸಿದ.

"ಅವ್ರನ್ನ ಕಾಯಿಸ್ಬ್ಯಾಡ ಕಣ್ಲಾ," ಅಂದೆ. "ಕೈ ತೊಳ್ಕೊಂಡು ಓಗು."