ಹಾಸ್ಟೆಲಿನ ಹಿಂದೆ ನಿಂತ ಕುರಿಹಿಂಡು

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದದ್ದೇ ತಡ, ಕುರಿಯ ವಾಸನೆ ಹೇಳದೆ ಕೇಳದೆ ಒಳಗೆ ಬಂತು. ಮನೆಯ ಹಿಂದಿನದು ಹಿಂಗಾರಿ ಜೋಳದ ಹೊಲ, ಬಿತ್ತನೆಗೆ ಇನ್ನೂ ಹೊತ್ತಿದೆ. ಹೊಲದವರು ನಿನ್ನೆ ಅಲ್ಲಿ ಒಂದು ಹಿಂಡು ನಿಲ್ಲಿಸಿದ್ದಾರೆ. ಬೇರೆಯವರಿಗೆ ಹಳೆಯದು ನೆನಪಾಗಬೇಕಾದರೆ ಮಲ್ಲಿಗೆ ಬೇಕು, ಮೊದಲ ಮಳೆಯ ಮಣ್ಣು ಬೇಕು. ನನಗೆ ಅಷ್ಟು ಭಾಗ್ಯವಿಲ್ಲ. ಹಿಕ್ಕೆ, ಉಚ್ಚೆ, ತೊಯ್ದ ಉಣ್ಣೆ ಮೂರೂ ಕೂಡಿದ ಘಮ ಬಂದರೆ ಸಾಕು, ಹದಿನಾರು ವರ್ಷದ ನಾನು ಎದ್ದು ಬಂದು ಮುಂದೆ ನಿಲ್ಲುತ್ತೇನೆ, ಅದೂ ಮೂಗು ಮುಚ್ಚಿಕೊಂಡು. ನೀವು ಮಾತ್ರ ಮುಚ್ಚಿಕೊಳ್ಳಬೇಡಿ, ಕುರಿಯ ವಿಷಯ ಇನ್ನೂ ಬಹಳ ಇದೆ.

ಮೇಜಿನ ಮೇಲೆ ಒಂದು ಹಾಳೆ ಬಿದ್ದಿದೆ. ಸಮ್ಮತಿಪತ್ರ. ಹನ್ನೊಂದನೇ ಇಯತ್ತೆಯಲ್ಲಿ ಓದುವ ನನ್ನ ಮಗಳು ರೇಣುಕಾ ಒಂದು ತಿಂಗಳು ಜಪಾನಿಗೆ ಹೋಗಿ, ಅಲ್ಲಿ ಯಾರದೋ ಮನೆಯಲ್ಲಿದ್ದು, ಅವರ ಮಕ್ಕಳ ಜೊತೆ ಶಾಲೆಗೆ ಹೋಗಿ ಬರಲು ನನ್ನ ಅಡ್ಡಿಯಿಲ್ಲ ಎಂದು ನಾನು ಸಹಿ ಹಾಕಬೇಕು. ನಾಳೆಯೇ ಕಡೆಯ ದಿನ. ಹುಡುಗಿ ಯಾವಾಗ ಅರ್ಜಿ ತುಂಬಿದಳೋ, ಯಾವಾಗ ಫೋನಿನಲ್ಲಿ ಮುಖ ತೋರಿಸಿ ಸಂದರ್ಶನ ಕೊಟ್ಟಳೋ, ನಮಗೆ ಸುದ್ದಿ ಬಂದದ್ದು ಆಯ್ಕೆಯಾದ ಮೇಲೆಯೇ. ನಮ್ಮ ಮನೆಯವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೀ ಹೂಂ ಅಂದ್ರ ನಂದೂ ಹೂಂ" ಎಂದು ಹೇಳಿ ಬೈಕು ಹತ್ತಿ ಜತ್ತಕ್ಕೆ ಹೋದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ಮಾತಿಗೆ ಇಷ್ಟು ಬೆಲೆ ಕೊಟ್ಟದ್ದು ಇದೇ ಮೊದಲು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಬೆರಳು ಯಾರ ಕಡೆ ತಿರುಗುತ್ತದೆ ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು.

ನಾನೂ ಸುಮ್ಮನೆ ಕೂರುವವಳಲ್ಲ. ಸಮ್ಮತಿಪತ್ರದ ಪಕ್ಕದಲ್ಲಿ ಇನ್ನೊಂದು ಹಾಳೆ ಇಟ್ಟುಕೊಂಡು ಮಗಳಿಗೆ ಹನ್ನೊಂದು ಶರತ್ತು ಬರೆದಿದ್ದೇನೆ. ಗುರುತಿಲ್ಲದ್ದನ್ನು ತಿನ್ನಬಾರದು ಎಂಬುದು ಮೊದಲನೆಯದು. ಅದನ್ನು ಪಾಲಿಸಿದರೆ ಹುಡುಗಿ ತಿಂಗಳಿಡೀ ಉಪವಾಸ ಎಂಬುದು ಬರೆದ ಮೇಲೆ ಹೊಳೆಯಿತು. ಸಮುದ್ರದ ಕಡೆ ಸುಳಿಯಬಾರದು ಎಂದೂ ಬರೆದಿದ್ದೇನೆ, ಜಪಾನಿನ ಸುತ್ತ ಇರುವುದೆಲ್ಲ ಸಮುದ್ರವೇ. ಕೂದಲು ಕತ್ತರಿಸಬಾರದು. ಎಲ್ಲಿದ್ದಾಳೆಂಬ ಚುಕ್ಕೆ ಹಗಲೂ ರಾತ್ರಿ ನನ್ನ ಫೋನಿನಲ್ಲಿ ಕಾಣಬೇಕು. ದಿನಕ್ಕೆ ಎರಡು ಸಲ ಫೋನ್ ಮಾಡಬೇಕು. ಇದಕ್ಕೊಂದು ಕಾರಣವಿದೆ. ಹೋದ ದೀಪಾವಳಿಗೆ ತಿಕೋಂಡಿಯ ಅಜ್ಜನ ಮನೆಗೆ ಹತ್ತು ದಿನಕ್ಕೆಂದು ಹೋದವಳು, ದಿನಾ ಫೋನ್ ಮಾಡುತ್ತೇನೆಂದು ಆಣೆಯಿಟ್ಟು ಹೋಗಿ, ಮಾಡಿದ್ದು ಒಂದೇ ಸಲ. ಅದೂ ತನ್ನ ಚಾರ್ಜರ್ ಎಲ್ಲಿದೆ ಎಂದು ಕೇಳಲು. ಹನ್ನೊಂದನೆಯ ಶರತ್ತಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ: ಯಾರಿಗೂ ಸುಳ್ಳು ಹೇಳಬಾರದು.

ಇದನ್ನೆಲ್ಲ ಬರೆದವಳು ಯಾರು ಎನ್ನುತ್ತೀರಿ? ಸಂಖದ ಹತ್ತಿರದ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಪಾಲಕರ ಸಭೆಯಲ್ಲಿ ಮೇಜು ಕುಟ್ಟಿ, ಹೆಣ್ಣುಮಕ್ಕಳನ್ನು ಹೊರಗೆ ಕಳಿಸಿರಿ, ಜಗತ್ತು ನೋಡಲಿ, ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ಗಂಟಲು ಹರಿಯುವ ತನಕ ಹೇಳುವವಳು. ಕಳಿಸಿರಿ ಎಂದರೆ ನಿಮ್ಮ ಮಕ್ಕಳನ್ನು ಎಂದು ಅರ್ಥ. ನನ್ನ ಮಗಳ ಮಾತು ಬಂದಾಗ ಜಗತ್ತು ಎಷ್ಟು ಕೆಟ್ಟದ್ದು ಎಂಬುದು ತಟ್ಟನೆ ನೆನಪಾಗುತ್ತದೆ.

ನಾನು ಮನೆ ಬಿಟ್ಟು ಹೋದದ್ದೂ ಹದಿನಾರಕ್ಕೇ. ತಿಕೋಂಡಿಯಿಂದ ವಿಜಯಪುರಕ್ಕೆ, ಕಾಲೇಜು ಓದಲು. ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೆ ನಡುವೆ ಗಡಿ ಬರುತ್ತದೆ, ರಾಜ್ಯ ಬೇರೆ, ಆದ್ದರಿಂದ ನಮ್ಮ ಓಣಿಯವರ ಪಾಲಿಗೆ ಅದು ಪರದೇಶವೇ. ಅವ್ವನಿಗೆ ನನ್ನನ್ನು ಕಳಿಸಲು ಸುತರಾಂ ಮನಸ್ಸಿರಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದೇ ಅವಳ ದೊಡ್ಡ ಚಿಂತೆ. ನಾನು ಬೆಲ್ಲ ಕದ್ದು ತಿಂದರೆ ಯಾರೂ ಕೇಳುವ ಮೊದಲೇ ಹೋಗಿ ಒಪ್ಪಿಸುತ್ತಿದ್ದೆ. ಇಂಥ ಪೆದ್ದಿ ಶಹರದಲ್ಲಿ ಹೇಗೆ ಬದುಕುತ್ತಾಳೆ, ಹೋಗುವವರು ಬರುವವರೆಲ್ಲ ಇವಳನ್ನು ಮಾರಿಕೊಂಡು ತಿನ್ನುತ್ತಾರೆ ಎಂದು ಅತ್ತಳು. ಅಪ್ಪ ಕುರಿ ಕಾಯುವವನು, ಮಾತು ಕಡಿಮೆ. "ಹೋಗ್ಲಿ ಬಿಡು" ಎಂದು ಅವ್ವನಿಗೆ ಹೇಳಿ, ನನ್ನನ್ನು ಬಸ್ಸು ಹತ್ತಿಸಿ, ಹಿಂತಿರುಗಿ ನೋಡದೆ ನಡೆದುಬಿಟ್ಟ. ನನ್ನಪ್ಪನಂಥ ಧೈರ್ಯವಂತ ತಾಲೂಕಿನಲ್ಲೇ ಇಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಅದು ಐದು ದಿನ ಬಾಳಿತು.

ಆರನೆಯ ದಿನ ಬೆಳಿಗ್ಗೆ ಬಕೆಟ್ ಹಿಡಿದು ಹಾಸ್ಟೆಲಿನ ಬಚ್ಚಲ ಮುಂದೆ ಪಾಳಿಯಲ್ಲಿ ನಿಂತಿದ್ದೆ. ಹಿಂದಿನ ಗೋಡೆಯಾಚೆ ಒಂದು ಕುರಿ ಒದರಿತು. ಕುರಿ ಎಲ್ಲೆಡೆ ಒದರುತ್ತವೆ, ಒಪ್ಪಿದೆ. ಆದರೆ ಕುರಿಗಾರರ ಮನೆಯ ಹುಡುಗಿಗೆ ತನ್ನ ಮನೆಯ ಕುರಿಯ ಧ್ವನಿ ತಿಳಿಯದೇ? ನಮ್ಮ ಕರಿಮಾರಿಯದು ಹುಟ್ಟಾ ಗಂಟಲು ಕಟ್ಟಿದ ಧ್ವನಿ. ಬಕೆಟ್ ಬೋರಲು ಹಾಕಿ, ಅದರ ಮೇಲೆ ನಿಂತು ಗೋಡೆಯಾಚೆ ಇಣುಕಿದೆ. ಬೇವಿನ ಗಿಡದ ಕೆಳಗೆ, ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಹಾಸ್ಟೆಲಿನ ಹಿಂಬಾಗಿಲಿಗೆ ನೇರ ಮುಖ ಮಾಡಿ ಧೈರ್ಯವಂತ ಕೂತಿದ್ದ.

ಕುರಿಗಾರರ ಕಸುಬಿನಲ್ಲಿ ಇದೊಂದು ಅನುಕೂಲವಿದೆ ನೋಡಿ. ಹೊಲ ಖಾಲಿ ಇದ್ದವರು ಗೊಬ್ಬರಕ್ಕಾಗಿ ಕುರಿ ನಿಲ್ಲಿಸು ಬಾ ಎಂದು ತಾವೇ ಕರೆಯುತ್ತಾರೆ. ಹಿಂಡು ಇದ್ದವನನ್ನು ಯಾವ ಊರಿನಲ್ಲೂ ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಮಗಳ ಮೇಲೆ ಕಣ್ಣಿಡಲು ನೂರು ಕುರಿ ಹೊಡೆದುಕೊಂಡು, ಮೂರು ದಿನ ನಡೆದು, ಇನ್ನೊಂದು ರಾಜ್ಯಕ್ಕೆ ಬಂದ ತಂದೆ ನನ್ನವನೊಬ್ಬನೇ ಇರಬೇಕು. ಯಾಕೆ ಬಂದೆ ಎಂದು ನಾನು ಗೋಡೆಯ ಮೇಲಿಂದಲೇ ಪಿಸುಗುಟ್ಟಿ ಕೇಳಿದರೆ, "ಇಲ್ಲಿ ಮೇವ ಚಲೋ ಐತಿ" ಎಂದ. ಆ ಹೊಲದಲ್ಲಿ ಹುಲ್ಲುಕಡ್ಡಿ ಇರಲಿಲ್ಲ.

ಹದಿನೆಂಟು ದಿನ ಹೀಗೇ ನಡೆಯಿತು. ನಾನು ಕಾಲೇಜಿಗೆ ಹೊರಟರೆ, ಸಾಕಷ್ಟು ಅಂತರ ಬಿಟ್ಟು, ನೂರು ಕುರಿ ಅದೇ ರಸ್ತೆಗೆ ಇಳಿಯುತ್ತಿದ್ದವು. ನಾನು ಪುಸ್ತಕದ ಅಂಗಡಿ ಹೊಕ್ಕರೆ ಅಂಗಡಿಯ ಮುಂದೆ ಟಾಂಗಾ, ಸೈಕಲ್ಲು, ಬಸ್ಸು ಎಲ್ಲವೂ ನಿಂತು ಹಾರ್ನು ಹೊಡೆಯುತ್ತಿದ್ದವು. ಗಾಳಿ ಇತ್ತ ಕಡೆ ಬೀಸಿದಾಗ ಹಾಸ್ಟೆಲಿನ ಹುಡುಗಿಯರು ಮೂಗಿಗೆ ದುಪಟ್ಟಾ ಹಿಡಿದು ನಗುತ್ತಿದ್ದರು. ನಾನೂ ಹಿಡಿಯುತ್ತಿದ್ದೆ, ಅವರಿಗಿಂತ ಎರಡು ಮಡಿಕೆ ಹೆಚ್ಚು ಹಾಕಿ. ಆ ವಾಸನೆಯಲ್ಲೇ ಹುಟ್ಟಿ ಬೆಳೆದ ಮೂಗು ಅದು. ದೇವರೇ, ಈ ಮನುಷ್ಯ ಯಾವಾಗ ಊರಿಗೆ ಹೋಗುತ್ತಾನೆ ಎಂದು ದಿನಾ ಬೇಡಿಕೊಂಡೆ.

ಒಂದು ಸಂಜೆ ಹಿಂದಿನ ಗೋಡೆ ತಗ್ಗಾಗಿದ್ದ ಕಡೆ ನಾಲ್ಕೈದು ಮಂದಿ ನಿಂತಿದ್ದೆವು. ಅವರಲ್ಲೊಬ್ಬಳು, ಆ ಕೆಂಪು ರುಮಾಲಿನವನು ದಿನಾ ನಿನ್ನ ಕಡೆಯೇ ನೋಡುತ್ತಾನಲ್ಲ, ನಿನಗೆ ಗುರುತೇನು ಎಂದು ಕೇಳಿದಳು. ನಾನು ಅವಳ ಮುಖವನ್ನೇ ನೋಡುತ್ತ ಹೇಳಿದೆ.

"ಯಾಂವನೋ ಕುರಿ ಕಾಯಾಂವ. ನನಗೇನ ಗೊತ್ತು."

ಅಪ್ಪ ಗೋಡೆಯಾಚೆ, ಹತ್ತು ಹೆಜ್ಜೆ ದೂರದಲ್ಲಿ, ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲಿನ ಮುಳ್ಳು ಕೀಳುತ್ತಿದ್ದ. ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹೊಲ ಖಾಲಿ. ಹಿಕ್ಕೆ ಮಾತ್ರ ಬಿದ್ದಿತ್ತು. ದೇವರು ಕಡೆಗೂ ನನ್ನ ಬೇಡಿಕೆ ಕೇಳಿದ್ದ, ಕೇಳಿದ್ದಕ್ಕೆ ನಾನು ಗೋಡೆ ಹಿಡಿದು ಎಷ್ಟು ಅತ್ತೆನೆಂದರೆ ಬಚ್ಚಲಿನ ಪಾಳಿಯೇ ತಪ್ಪಿಹೋಯಿತು. ದಸರೆಗೆ ಊರಿಗೆ ಹೋದಾಗ ಅಪ್ಪ ಎಲ್ಲರಿಗೂ ಒಂದೇ ಕಾರಣ ಹೇಳುತ್ತಿದ್ದ: ಹೊಲಕ್ಕೆ ಗೊಬ್ಬರ ಸಾಕಾಗಿತ್ತು, ಇನ್ನೂ ನಿಂತರೆ ಅದರ ಕಾವಿಗೆ ಬೆಳೆ ಸುಡುತ್ತದೆ. ಕಸುಬಿನವರಿಗೆಲ್ಲ ಗೊತ್ತಿದ್ದ ಮಾತೇ, ಯಾರೂ ಮತ್ತೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಓದು ಮುಗಿಯಿತು, ನೌಕರಿ ಸಿಕ್ಕಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಅಪ್ಪನನ್ನು ಕಂಡಾಗಲೆಲ್ಲ ಆ ಮಾತು ಎದೆಯಲ್ಲಿ ಚುಚ್ಚುತ್ತಿತ್ತು, ಪ್ರತಿಸಲವೂ ಚಹಾ ಕುಡಿದು ಎದ್ದು ಬರುತ್ತಿದ್ದೆ. ಮೂವತ್ತು ವರ್ಷ ಹೀಗೇ ಚಹಾ ಕುಡಿದಿದ್ದೇನೆ.

ಇವತ್ತು ಕಿಟಕಿ ಮುಚ್ಚಿ ಅಪ್ಪನಿಗೆ ಫೋನ್ ಹಚ್ಚಿದೆ. ತಿಕೋಂಡಿಯಲ್ಲಿ ತಮ್ಮನ ಜೊತೆ ಇದ್ದಾನೆ, ಎಂಬತ್ತು ದಾಟಿದರೂ ಕಿವಿ ಚುರುಕಾಗಿದೆ. ಜಪಾನಿನ ಕಥೆಯನ್ನು ಆದಷ್ಟು ಭಯಂಕರವಾಗಿ ಹೇಳಿದೆ. ಅಪ್ಪ ಬೇಡ ಎನ್ನುತ್ತಾನೆ, ಹಿರಿಯರು ಒಪ್ಪಲಿಲ್ಲ ಎಂದು ಮಗಳಿಗೆ ಹೇಳಿ ನಾನು ಒಳ್ಳೆಯವಳಾಗಿ ಉಳಿಯುತ್ತೇನೆ, ಇದು ನನ್ನ ಹಂಚಿಕೆ. ಅಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ಅಲ್ಲಿ ಕುರಿ ನಿಲ್ಲಸಾಕ ಹೊಲಾ ಅದಾವೇನು?"

"ನಡಕ ಸಮುದ್ರ ಐತಿ, ಯಪ್ಪಾ."

"ಹಂಗಾರ ನಿನಗ ಹಿಂದ ಹೋಗಾಕ ಆಗಾಂಗಿಲ್ಲ. ಹುಡುಗಿ ನಸೀಬ ಚಲೋ ಐತಿ."

ನಗು ಬಂತು. ನಗುವಿನ ಬೆನ್ನಿಗೇ, ತಡೆಯುವ ಮೊದಲೇ, ಇನ್ನೊಂದು ಮಾತು ಬಾಯಿಂದ ಬಿದ್ದುಹೋಯಿತು.

"ಯಪ್ಪಾ, ಅವತ್ತ ನಾ ಅಂದದ್ದ ನಿನಗ ಕೇಳ್ಸಿತ್ತಲ್ಲ?"

ಯಾವತ್ತು ಎಂದು ಅಪ್ಪ ಕೇಳಲಿಲ್ಲ.

"ಕೇಳ್ಸಿತ್ತು."

"ಸಿಟ್ಟ ಬರ್ಲಿಲ್ಲೇನು?"

"ಬಂತು. ಅರ್ಧಾ ಹಾದಿ ತನಕ ಇತ್ತು."

ಹಾಗಾದರೆ ಹೊಲ ಸುಡುತ್ತದೆ ಎಂದು ಹೇಳಿದ್ದು ಸುಳ್ಳೇ ಎಂದು ಕೇಳಿದೆ. ಅಪ್ಪ ಕೆಮ್ಮಿದ, ಕೆಮ್ಮಿನೊಳಗೆ ನಗು ಇತ್ತು.

"ಹೊಲಾ ಸುಡಾಕ ಇನ್ನೂ ಎಂಟ ದಿನಾ ಬೇಕಿತ್ತು. ಬೆಲ್ಲಾ ಕದ್ದು ತಾನ ಬಂದ ಹೇಳಾಕಿ ನೀ. ಅವತ್ತ ಅಷ್ಟ ಮಂದಿ ಮುಂದ ಧ್ವನಿ ನಡಗಸ್ದ ಸುಳ್ಳ ಹೇಳಿದಿ ನೋಡು. ಇನ್ನ ಇಕಿ ಎಲ್ಲಿದ್ರೂ ಬದಕ್ತಾಳ, ನಂದೇನ ಕೆಲಸಾ ಅಂತ ಕುರಿ ಹೊಡಕೊಂಡ ಬಂದೆ."

ಮೂವತ್ತು ವರ್ಷ ನಾನು ಪಾಪವೆಂದು ಹೊತ್ತು ತಿರುಗಿದ್ದು ಅಪ್ಪನ ಕಣ್ಣಲ್ಲಿ ನಾನು ಪಾಸಾದ ಪರೀಕ್ಷೆ! ಅಳುತ್ತಲೇ ತಪ್ಪಾಯಿತು ಎಂದೆ. ಚಹಾ ಆರುತ್ತದೆ, ಫೋನ್ ಇಡು ಎಂದ.

ಕಿಟಕಿ ಮತ್ತೆ ತೆಗೆದೆ. ವಾಸನೆ ಬಂತು, ಎದೆತುಂಬ ಎಳೆದುಕೊಂಡೆ. ಶರತ್ತಿನ ಹಾಳೆಯಲ್ಲಿ ಹನ್ನೊಂದನೆಯದನ್ನು ಹೊಡೆದುಹಾಕಿದೆ. ಅದು ಹೋದ ಮೇಲೆ ಫೋನಿನ ಚುಕ್ಕೆಯ ಶರತ್ತು ಕಣ್ಣಿಗೆ ಬಿತ್ತು. ಕೆಂಪು ರುಮಾಲಿಲ್ಲ, ಬೇವಿನ ಗಿಡವಿಲ್ಲ ಅಷ್ಟೇ, ಬೆನ್ನು ಹತ್ತುವ ಕುರಿ ಅವೇ. ಅದನ್ನೂ ಹೊಡೆದುಹಾಕಿದೆ. ಬಚ್ಚಲಲ್ಲಿ ರೇಣುಕಾ ಬೆಳಗಿನಿಂದ ನನ್ನ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದಳು. ಕರೆದೆ. ಒದ್ದೆ ಕೈಯಲ್ಲೇ ಬಂದು ನಿಂತಳು, ಹಾಳೆಯನ್ನೂ ನನ್ನನ್ನೂ ನೋಡಿದಳು.

"ಅಲ್ಲಿ ಹೋದ ಮ್ಯಾಲ ದಿನಾ ಎರಡ ಸಲಾ ಫೋನ್ ಮಾಡ್ತೀಯಿಲ್ಲ?" ಎಂದು ಕೇಳಿದೆ.

ಹುಡುಗಿ ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ರೆಪ್ಪೆ ಅಲುಗಲಿಲ್ಲ, ಧ್ವನಿ ನಡುಗಲಿಲ್ಲ.

"ಮಾಡ್ತೀನಿ ಮಮ್ಮಿ. ದಿನಾ."

ನಾನು ಪೆನ್ನು ತೆಗೆದುಕೊಂಡು ಸಹಿ ಹಾಕಿದೆ.