ಬಿಸಿಲು ಬೇಡವಾಗಿದ್ದ ಜಾಡಿ

ಕಳೆದ ಶುಕ್ರವಾರ ನಾನು ವಿಜ್ಞಾನವನ್ನು ಒಂದು ದಿನ ಹಿಂದಕ್ಕೆ ತಳ್ಳಿದೆ. ಒಳ್ಳೆಯ ಮನಸ್ಸಿನಿಂದಲೇ.

ನನ್ನ ತಂಗಿಯ ಮೊಮ್ಮಗಳು ಪಲ್ಲವಿ ಮೂಡಲಗಿಯವಳು. ಗೋಕಾಕದ ನನ್ನ ಮನೆಯಲ್ಲಿದ್ದು ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ. ಅವತ್ತು ಮಾಳಿಗೆಯ ಮೇಲೆ ಎರಡು ಗಾಜಿನ ಜಾಡಿಗಳಿಗೆ ಕೆಂಪು ನೀರು ತುಂಬಿ, ಎರಡಕ್ಕೂ ಚಿಟಿಕೆ ಬಿಳಿ ಪುಡಿ ಹಾಕಿದಳು. ಒಂದಕ್ಕೆ ಕರಿ ಹಾಳೆ ಸುತ್ತಿದಳು. "ತಾಸಿಗೊಮ್ಮೆ ಕಲಕ್ರಿ ಅಜ್ಜಿ" ಎಂದು ಕಾಲೇಜಿಗೆ ಓಡಿದಳು.

ಆ ನೀರು ಘೋಡಗೇರಿಯಲ್ಲಿರುವ ಪಲ್ಲವಿಯ ಕಾಕಾ ಕೊಟ್ಟದ್ದು. ಅವರು ನೂಲಿಗೆ ಬಣ್ಣ ಹಾಕುವವರು. ಬಣ್ಣದ ನೀರನ್ನು ಹಳ್ಳಕ್ಕೆ ಬಿಡುವುದು ನಿಲ್ಲಿಸಿ, ಇಲ್ಲವೇ ಕೆಲಸ ನಿಲ್ಲಿಸಿ ಎಂದು ಊರವರು ಹೇಳಿಬಿಟ್ಟಿದ್ದರು. ನೀರಿನ ಬಣ್ಣ ಹೋಗಲಾಡಿಸುವ ಪಲ್ಲವಿಯ ಪ್ರಯೋಗ ನೋಡಲು ಕಾಕಾ ರವಿವಾರ ಬರುವವರಿದ್ದರು.

ಕಲಕಲು ಹೋದವಳಿಗೆ ಸಂಕಟವಾಯಿತು. ನಮ್ಮವ್ವ ಉಪ್ಪಿನಕಾಯಿ ಬರಣಿಗಳನ್ನು ಬಿಸಿಲಿಗಿಟ್ಟರೆ ಎಲ್ಲಕ್ಕೂ ಸಮ ಬಿಸಿಲು. ನೆರಳು ಬಿದ್ದದ್ದನ್ನು ಎತ್ತಿ ಸರಿಸುತ್ತಿದ್ದಳು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಕೇಕ್ ಹಂಚುವಾಗ 'ಫೇರ್ ಈಸ್ ಫೇರ್, ಗರ್ಲ್ಸ್' ಎನ್ನುತ್ತಿದ್ದರು. (ಇಬ್ಬರೂ ಈಗಿಲ್ಲ. ಇಬ್ಬರ ಮಾತೂ ಕಿವಿಯಲ್ಲಿದೆ.) ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ಕತ್ತಲೆಯೇ?

ಹಾಳೆ ಬಿಚ್ಚಿಬಿಟ್ಟೆ.

ಸಂಜೆ ಎರಡರಲ್ಲೂ ಕೆಂಪು ಮಾಯ. ಪ್ರೈಜ್ ಗೆದ್ದವಳಂತೆ ನಿಂತಿದ್ದೆ.

"ಅಜ್ಜಿ, ಹಾಳಿ ಯಾರು ತಗದ್ರು?"

"ನಾನ. ಪಾಪ, ಅದಕ್ಕೂ ಬಿಸಿಲು ಬೇಕಲ್ಲ?"

"ಅದಕ್ಕ ಬ್ಯಾಡಾಗಿತ್ರಿ." ಹುಡುಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಆಮೇಲೆ ನನಗೆ ಟ್ಯೂಷನ್. ಪುಡಿ ಜಿಂಕ್ ಆಕ್ಸೈಡ್, ಒಂದು ಸೆಮಿಕಂಡಕ್ಟರ್. ನ್ಯಾನೋ ಕಣಗಳು, ಒಂದು ಕೂದಲಿನ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಂತಾವು. ಬಿಸಿಲು ಬಿದ್ದರೆ ಅವು ಚುರುಕಾಗಿ ಬಣ್ಣದ ಅಣುಗಳನ್ನು ಒಡೆಯುತ್ತವೆ. ಆದರೆ ಕಾಕಾಗೆ ಅನುಮಾನ: ಪುಡಿ ಬಣ್ಣವನ್ನು ಹೀರಿಕೊಂಡು ತಳಕ್ಕೆ ಕೂರುತ್ತದೆ ಅಷ್ಟೆ, ಆ ಕೆಸರನ್ನು ಎಲ್ಲಿ ಚೆಲ್ಲಲಿ? ಅದಕ್ಕೆ ಉತ್ತರ ಕತ್ತಲೆಯ ಜಾಡಿ. ಪುಡಿ ಇದ್ದೂ ಬಿಸಿಲಿಲ್ಲದೆ ಅದು ಕೆಂಪಾಗೇ ಉಳಿದರೆ, ಕೆಲಸ ಮಾಡಿದ್ದು ಬೆಳಕು.

ನಾನು ಬಿಚ್ಚಿದ್ದು ಆ ಉತ್ತರವನ್ನೇ.

ಪುಣ್ಯಕ್ಕೆ ಕಾಕಾ ಕೊಟ್ಟ ಕ್ಯಾನಿನಲ್ಲಿ ಕೆಂಪು ನೀರು ಉಳಿದಿತ್ತು. ಶನಿವಾರದ ಒಂದು ಬಿಸಿಲೂ ಬಾಕಿ ಇತ್ತು. ಛತ್ರಿ, ಕುರ್ಚಿ, ಥರ್ಮಾಸ್ ಸಮೇತ ಈ ಸಲ ನಾನೇ ಸೆಕ್ಯೂರಿಟಿ. ಮಧ್ಯಾಹ್ನ ನಮ್ಮ ಮನೆಗೆಲಸದ ಗಂಗವ್ವ ಬಟ್ಟೆ ಒಣಹಾಕಲು ಬಂದಳು.

"ಅವ್ವಾರ, ಇದೊಂದಕ್ಕ ಬಿಸಿಲ ಬೀಳವಲ್ದಲ್ರಿ. ಹಾಳಿ ತಗೀಲೇನ್ರಿ?"

"ಮುಟ್ಟಿದರ ನೋಡು."

"ಕಲ್ತವರ ಹಿಂಗ ಭೇದ ಮಾಡಿದರ ಹೆಂಗ್ರಿ?"

ನಿನ್ನೆ ನಾನೂ ಅದೇ ಪಾರ್ಟಿ.

ರವಿವಾರ ಕಾಕಾ ಬಂದರು. ಪಲ್ಲವಿ ಹಾಳೆ ಬಿಚ್ಚಿದಳು. ಬಿಸಿಲ ಜಾಡಿ ತಿಳಿನೀರು. ಕತ್ತಲೆಯದು ಕೆಂಪೋ ಕೆಂಪು. ಕಾಕಾ ಎರಡನ್ನೂ ಎತ್ತಿ ಎತ್ತಿ ನೋಡಿದರು.

"ಖರೆ ಐತಿ ಬಿಡವಾ. ಇನ್ನ ಈ ನೀರು ಹಳ್ಳಕ್ಕ ಬಿಡ್ಲೇನು?"

"ಈಗ ಬ್ಯಾಡ್ರಿ ಕಾಕಾ. ಬಣ್ಣ ಹೋಗೇತಿ. ವಿಷ ಹೋಗೇತೋ ಇಲ್ಲೋ ಲ್ಯಾಬಿನಾಗ ನೋಡಬೇಕು."

"ಆತು. ಅಲ್ಲೀತನಾ ಟಾಕಿಯಾಗ ತುಂಬಿಡ್ತೇನಿ. ಹಳ್ಳಕ್ಕ ಬಿಡಂಗಿಲ್ಲ."

ಅವರನ್ನು ಒಪ್ಪಿಸಿದ್ದು ಯಾರೂ ಹಾಳೆ ಮುಟ್ಟದೆ ಬಿಟ್ಟ ಆ ಕತ್ತಲೆಯ ಜಾಡಿ. 'ಪಾಪ' ಎನ್ನುತ್ತ ಎಲ್ಲರ ಹಾಳೆ ಬಿಚ್ಚಲು ಹೋಗುವ ನನ್ನಂಥ ಅಜ್ಜಿಯರನ್ನು ಸುತ್ತಿಡುವಷ್ಟು ದೊಡ್ಡ ಕರಿ ಹಾಳೆ ಎಲ್ಲಾದರೂ ಸಿಗುತ್ತದೆಯೇ?